ಬಕ್ಕೆ ಹಲಸಿನ ಬೀಜ

ಕೊಪ್ಪದ ಕಾಲೇಜಿನಲ್ಲಿ ಪ್ರತಿವರ್ಷ ನಾನು ಎರಡು ಬಣ್ಣದ ಉಲ್ಲನ್ ದಾರ ಹಿಡಿದು ಮಿಯಾಸಿಸ್ ಎಂಬ ಕೋಶವಿಭಜನೆಯ ಪಾಠ ಮಾಡುತ್ತೇನೆ. ಕೆಂಪು ತಾಯಿಯಿಂದ ಬಂದ ಕ್ರೋಮೋಸೋಮು, ಹಳದಿ ತಂದೆಯದು. ಮುಂದಿನ ತಲೆಮಾರಿಗೆ ಹೋಗುವ ಮುಂಚೆ ಎರಡೂ ಒತ್ತಾಗಿ ಕೂಡಿಕೊಳ್ಳುತ್ತವೆ, ಒಂದರ ತುಂಡು ಇನ್ನೊಂದಕ್ಕೆ ಸೇರುತ್ತದೆ. ಕತ್ತರಿಸಿ, ಗಂಟು ಹಾಕಿ ತೋರಿಸುತ್ತೇನೆ. ಯಾವ ಸಂತಾನವೂ ಹೆತ್ತವರ ನಕಲಲ್ಲ ಎಂದು ಮುಗಿಸುತ್ತೇನೆ. ಇಪ್ಪತ್ತು ವರ್ಷದಿಂದ ಇದೇ ಪಾಠ. ಕಿವಿಗೆ ಹಾಕಿಕೊಳ್ಳದವನು ನಾನೊಬ್ಬನೇ ಎಂದು ಕಾಣುತ್ತದೆ.

ಮೆಣಸೆಯಲ್ಲಿ, ಹೆಂಡತಿಯ ತವರಾದ ಅತ್ತೆಯ ಮನೆಯೆದುರು ಒಂದು ಬಕ್ಕೆ ಹಲಸಿತ್ತು. ಗಟ್ಟಿ ತೊಳೆ, ಜೇನಿನ ಪರಿಮಳ. ರಸ್ತೆ ಅಗಲ ಮಾಡುವವರು ಅದಕ್ಕೆ ಬಣ್ಣದ ಗುರುತು ಹಾಕಿ ಹೋದ ದಿನ ಅತ್ತೆ ನನ್ನನ್ನು ಕರೆದರು.

"ನೀವು ಇದನ್ನೇ ಪಾಠ ಹೇಳೋರಲ್ದ? ಈ ಹಣ್ಣು ಇನ್ನೊಂದ್ಸಲ ತಿನ್ನೋ ಹಾಂಗೆ ಮಾಡಿ."

ಕಸಿ ಕಟ್ಟಿಸಿ, ಅದೇ ಹಣ್ಣು ಬರುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ನನಗೆ ಚಿಂತೆ ಶುರುವಾಯಿತು. ಕಸಿ ಒಣಗಿದರೆ? ಕಟ್ಟಿದ್ದು ಸಡಿಲವಾದರೆ? ಬೀಜವಾದರೆ ತನ್ನಷ್ಟಕ್ಕೆ ಮೊಳೆಯುತ್ತದೆ. ಯಾವುದಕ್ಕೂ ಇರಲಿ ಎಂದು ಕೊಪ್ಪದ ನಮ್ಮ ಹಿತ್ತಲಲ್ಲಿ ಒಂಬತ್ತು ಹಾಕಿದೆ. ದನ ತಿನ್ನದೆ ಬಿಟ್ಟದ್ದು ಒಂದನ್ನು.

ಹಳೆಯ ಮರ ಉರುಳಿತು. ಎಂಟು ವರ್ಷ ಅತ್ತೆ ಫೋನಿನಲ್ಲಿ ಮೊದಲು ಗಿಡದ ಆರೋಗ್ಯ ಕೇಳುತ್ತಿದ್ದರು, ಆಮೇಲೆ ಮಗಳದ್ದು. ನಾನು ಅದಕ್ಕೆ ಬೇಲಿ ಕಟ್ಟಿ, ಬೇಲಿಗೆ ಇನ್ನೊಂದು ಬೇಲಿ ಕಟ್ಟಿದೆ.

ಈ ಸಲ ಮೊದಲ ಹಣ್ಣು. ಅತ್ತೆ ಬಸ್ಸು ಹಿಡಿದು ಬಂದರು, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ತಾವೇ ಕೊಯ್ದರು. ಬೆರಳು ತೊಳೆಯೊಳಗೆ ಹೂತುಹೋಯಿತು. ಅಂಬಲಿ ಹಲಸು, ಅಗಿಯುವ ಮೊದಲೇ ಗಂಟಲಿಗೆ ಜಾರುವ ಜಾತಿ.

ನಾನು ಗಡಿಬಿಡಿಯಲ್ಲಿ ಪಾಠ ಶುರುಮಾಡಿದೆ. ಆ ಮರಕ್ಕೂ ಅಪ್ಪ ಅಮ್ಮ ಇದ್ದರು, ಅವರಿಂದ ಬಂದದ್ದು ಬೀಜದ ಹೊತ್ತಿಗೆ ತುಂಡುತುಂಡಾಗಿ ಅದಲುಬದಲಾಯಿತು, ಮೇಲೆ ಯಾವ ಮರದ ಪರಾಗವೋ ಏನೋ ಎಂದೆ. ಅತ್ತೆ ತೊಳೆಯನ್ನು ಮೂಗಿನ ಹತ್ತಿರ ಹಿಡಿದು ಕೇಳಿಸಿಕೊಂಡರು.

"ಪರಿಮಳ ಅದೇ," ಎಂದರು. "ಇದೆಲ್ಲ ನಿಮ್ಗೆ ಮೊದ್ಲೇ ಗೊತ್ತಿತ್ತ?"

"ಗೊತ್ತಿತ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ತೊಳೆ ತಿಂದು, ಕಡುಬಿಗೆ ಇಂಥದ್ದೇ ಆಗಬೇಕು, ಬಾಳೆಲೆ ಕೊಯ್ದು ತನ್ನಿ ಎಂದರು. ನಾನು ಎಲೆ ತರುವಷ್ಟರಲ್ಲಿ ಬೀಜಗಳನ್ನೆಲ್ಲ ಆರಿಸಿ, ಸಾರಿಗೆಂದು ಒಲೆಯ ಮೇಲೆ ಬೇಯಲು ಇಟ್ಟಿದ್ದರು. ಒಂದನ್ನೂ ನನ್ನ ಕೈಗೆ ಸಿಗುವ ಹಾಗೆ ಬಿಟ್ಟಿರಲಿಲ್ಲ.