ಉಳಿದ ಎಡಗಾಲು

ಸಂಜೆ ದೀಪ ಹಚ್ಚುವಾಗ ಶಿವ ಕೊಟ್ಟದ್ದನ್ನೆಲ್ಲ ನೆನೆಯುತ್ತೇನೆ. ಅದರಲ್ಲಿ ಒಂದು ಜೊತೆ ಬಿಸಿ ಅಂಗೈಯೂ ಸೇರಿದೆ.

ಮಹಾರಾಜರ ಕಾಲದ ಮಧುಗಿರಿಯಲ್ಲಿ, ನನ್ನ ತವರಿನ ಬೀದಿಯ ಬಾಣಂತಿಯರಿಗೆ ಎಣ್ಣೆ ತಿಕ್ಕುತ್ತಿದ್ದ ಹೆಂಗಸೊಬ್ಬರ ಅಂಗೈ ಅವು. ತಪ್ಪಿದ ಕೀಲು ಕೂರಿಸುವುದೂ ಅವರೇ. ಮೈಮುಟ್ಟುವ ಮುಂಚೆ ಅಂಗೈಗಳನ್ನು ಬಿಸಿನೀರಿನ ಹಂಡೆಗೆ ಒತ್ತಿಕೊಳ್ಳುತ್ತಿದ್ದರು. ಏನು ಹೇಳಿಕೊಂಡರೂ, "ಸರಿಹೋಯ್ತದೆ ಬುಡವ್ವ" ಅನ್ನುವರು.

ನನ್ನ ತಂಗಿಗೆ ಮೂರ್ಛೆರೋಗವಿತ್ತು. ಅಂಟೀತೆಂದು ಬೇರೆ ಯಾರೂ ಅವಳ ಬಾಣಂತನಕ್ಕೆ ಬರಲಿಲ್ಲ, ಇವರು ಬಂದರು. ಮೂರನೆಯ ದಿನ ಬಲಗಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗಲೇ ತಂಗಿಗೆ ಮೂರ್ಛೆ ಬಂತು. ಇನ್ನು ಇವರೂ ಬರಲಾರರು ಎಂದು ಹೆದರಿದೆ. ಸೋದರತ್ತೆ ಬೀಗದ ಕೈ ಹಿಡಿದು ಓಡಿಬಂದು ಕೂಗಿದರು: "ಕೈಗೆ ಕಬ್ಬಿಣ ಕೊಡ್ರೇ! ಕೈಕಾಲು ಅದುಮಿ ಹಿಡೀರೇ!"

"ಅದುಮಬ್ಯಾಡ್ರವ್ವ! ಹಿಂಗೇ ಅದುಮಿ ತಪ್ಪಿಸಿದ ತೋಳು ಎಷ್ಟು ಕೂರ್ಸಿವ್ನಿ, ನಂಗೊತ್ತು. ಸರಿಹೋಯ್ತದೆ ಬುಡಿ" ಅಂದರು ಆಕೆ. ತಂಗಿಯನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿ ತಮ್ಮ ಅಂಗೈ ಇಟ್ಟು ಸುಮ್ಮನೆ ಕೂತರು.

ಎಚ್ಚರವಾದ ತಂಗಿ ನಾಚಿಕೆಯಿಂದ ಮುಖ ಮುಚ್ಚಿಕೊಂಡಳು. ಆಕೆ ಎದ್ದರು. ಹೊರಟೇಬಿಟ್ಟರು ಅಂದುಕೊಂಡೆ. ಅಂಗೈಗಳನ್ನು ಮತ್ತೆ ಹಂಡೆಗೆ ಒತ್ತಿ ಬಂದು, ತಂಗಿಯ ಪಕ್ಕ ಕೂತರು.

"ಎಡಗಾಲು ಉಳಿದದೆ ಕಣವ್ವ, ನೀಡು."