ತೇಜಸ್ ಹಿಡಿದ ಕ್ಯಾಚು

"ಹಿಡಿಯೋ ತೇಜಸ್, ಹಿಡಿ!" ಚೆಂಡು ಮೈದಾನದ ಬದಿಗೆರೆಯಾಚೆ ಮೇಲಕ್ಕೇರುತ್ತಿದ್ದಂತೆ ನಾವು ಆರು ಮಂದಿ ಕನ್ನಡಿಗರು ಗಂಟಲು ಹರಿಯುವ ಹಾಗೆ ಕಿರುಚಿದೆವು. ನನ್ನ ಸಹೋದ್ಯೋಗಿಯ ಮಗ ತೇಜಸ್ ಐಂಡ್‌ಹೋವನ್‌ನ ಬೇಸ್‌ಬಾಲ್ ಕ್ಲಬ್ಬೊಂದರ ಔಟ್‌ಫೀಲ್ಡರ್, ನಮ್ಮ ಲೆಕ್ಕದಲ್ಲಿ ಬೌಂಡರಿ ಕಾಯುವವನು. ಕೋಡುಬಳೆ ಮುರಿಯುತ್ತಲೇ ನಾವು ಅವನನ್ನು ಅಮೆರಿಕದ ಲೀಗಿಗೆ ಆಯ್ಕೆ ಮಾಡಿಯೂ ಆಗಿತ್ತು. ಹುಡುಗ ಓಡಿ, ಹಾರಿ ಹಿಡಿದೇಬಿಟ್ಟ. ನಾವು ತಬ್ಬಿಕೊಂಡು ಕುಣಿದೆವು. ಎದುರು ತಂಡದವರೂ ಯಾಕೆ ಕುಣಿಯುತ್ತಿದ್ದಾರೆಂದು ಮಾತ್ರ ತಿಳಿಯಲಿಲ್ಲ.

ಪಕ್ಕದಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದ ಡಚ್ ಅಜ್ಜ ವಿವರಿಸಿದರು. ಬೇಸ್‌ಬಾಲ್‌ನಲ್ಲಿ ಕ್ಯಾಚ್ ಹಿಡಿದ ಮೇಲೂ ಮೂರನೇ ಬೇಸ್ ಎಂಬ ಕೊನೆಯ ತಂಗುದಾಣದಲ್ಲಿರುವ ಓಟಗಾರ ಓಡಿ ರನ್ ಗಳಿಸಬಹುದಂತೆ. ಅದು ಎದುರು ತಂಡದ ಕೊನೆಯ ಸರದಿ, ಸ್ಕೋರು ಸಮವಿತ್ತು, ಅವನು ಓಡಿದ, ಅವರು ಗೆದ್ದರು. ಗೆರೆಯಾಚೆಯ ಆ ಚೆಂಡನ್ನು ಸುಮ್ಮನೆ ಬೀಳಲು ಬಿಟ್ಟಿದ್ದರೆ ಅದು ಲೆಕ್ಕಕ್ಕೇ ಬರದೆ, ಅವನು ಓಡುವಂತೆಯೇ ಇರಲಿಲ್ಲವಂತೆ. ಕ್ರಿಕೆಟ್ ಪಂಡಿತರಾದ ನಮಗೆ ಇಂಥ ಚಿಲ್ಲರೆ ನಿಯಮಗಳೆಲ್ಲ ಎಲ್ಲಿ ಗೊತ್ತಿರುತ್ತವೆ!

ಆಟ ಮುಗಿಸಿ ಬಂದ ತೇಜಸ್, "ಬಿಡ್ಬೇಕು ಅಂತ ಗೊತ್ತಿತ್ತು ಅಂಕಲ್. ನೀವೆಲ್ಲ ಹಿಡಿ ಅಂದ್ರಲ್ಲ, ಹಿಡಿದೆ" ಎಂದ.

ಇಲ್ಲಿ ಹುಟ್ಟಿದ ಮಕ್ಕಳು ದೊಡ್ಡವರ ಮಾತೇ ಕೇಳುವುದಿಲ್ಲ ಎಂದು ದೂರುವುದನ್ನು ನಾನು ಅಂದೇ ನಿಲ್ಲಿಸಿದೆ.