ಕೆನೆ ಬಣ್ಣದ ಸೀಟು

ಮೈಸೂರಿನ ಜವಳಿ ವ್ಯಾಪಾರಿ ಚನ್ನಬಸವಯ್ಯನವರು ೧೯೫೬ರಲ್ಲಿ ಕೊಂಡ ಕಾರಿಗೆ ಕೆನೆ ಬಣ್ಣದ ಚರ್ಮದ ಸೀಟುಗಳಿದ್ದವು. ಅವತ್ತಿನಿಂದಲೇ ಡ್ರೈವರ್ ಚೆಲುವರಾಜುವಿನ ನೆಮ್ಮದಿ ಹೋಯಿತು.

ಯಜಮಾನರು ಏನೂ ಹೇಳಿದವರಲ್ಲ. ಆದರೂ ಬೆಳಗಾದರೆ ಅವನು ಕುದುರೆ ಜೀನು ತೊಳೆಯುವ ಸೋಪಿನ ನೊರೆಯನ್ನು ಬಟ್ಟೆಗೆ ಹಚ್ಚಿ, ಹೊಲಿಗೆಯ ಸಂದುಗೊಂದಿಯನ್ನೆಲ್ಲ ಒರೆಸಿ, ಆರುವವರೆಗೂ ಬಾಗಿಲು ತೆರೆದಿಟ್ಟು ಕಾವಲು ನಿಲ್ಲುತ್ತಿದ್ದ. ಜನ ಹತ್ತಿದರೆ ಅವನ ಕಣ್ಣಿಗೆ ಬೀಳುತ್ತಿದ್ದದ್ದು ತಲೆಯೆಣ್ಣೆ, ಕುಂಕುಮ, ಹೊಸ ಸೀರೆ ಬಿಡುವ ಬಣ್ಣ. ಮದುವೆಗೆ ಹೊರಟ ಯಜಮಾನರ ತಂಗಿ ಸರ್ವಮಂಗಳಾ ಮಲ್ಲಿಗೆ ಮುಡಿದು ಒರಗಿದಾಗ, "ಅಮ್ಮಾವ್ರೆ, ಸ್ವಲ್ಪ ಮುಂದಕ್ಕೆ ಕೂತ್ಕೊಳ್ಳಿ" ಎಂದುಬಿಟ್ಟಿದ್ದ.

"ಉಣ್ಣೋಕ್ ಕೂತ್ರೂ ಚಾಪೆ ಒರೆಸ್ತೀರಲ್ಲ, ಏನಾಗದೆ ನಿಮ್ಗೆ?" ಎಂದು ಹೆಂಡತಿ ಮಂಗಳಮ್ಮ ಕೇಳಿದರೆ ಅವನು ಚಾಪೆಯ ಇನ್ನೊಂದು ತುದಿ ಒರೆಸುತ್ತಿದ್ದ.

ಆ ಮಾಗಿಯಲ್ಲಿ ಅವನ ತಾಯಿ ಪುಟ್ಟತಾಯಮ್ಮ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಕಡಕೊಳದಿಂದ ಬಂದಳು. ಆಸ್ಪತ್ರೆಯಿಂದ ಬಿಡುವ ದಿನ ಚನ್ನಬಸವಯ್ಯನವರೇ, "ಬಸ್ಸಲ್ಲಿ ಕುಲುಕಾಡಿಸ್ಬೇಡ ಕಣಯ್ಯ, ಕಾರಲ್ಲೇ ಬಿಟ್ಟು ಬಾ" ಎಂದರು.

ತಲೆಗೆ ಹರಳೆಣ್ಣೆ ತಟ್ಟಿಕೊಂಡು, ಬಾಯಿತುಂಬ ಎಲೆಅಡಿಕೆ ತುಂಬಿಕೊಂಡು ತಾಯಿ ಕಾರು ಹತ್ತಿದಳು. ಹಾಸಲು ಒಂದು ಹಳೇ ಪಂಚೆಯೂ ಇರಲಿಲ್ಲ. ನಂಜನಗೂಡು ರಸ್ತೆಯಲ್ಲಿ ಅವನು ಎದುರಿನ ದಾರಿಗಿಂತ ಕನ್ನಡಿಯನ್ನೇ ಹೆಚ್ಚು ನೋಡಿದ. ಮೈಸೂರು ದಾಟಿ ಇನ್ನೊಮ್ಮೆ ನೋಡಿದಾಗ ಹಿಂದಿನ ಸೀಟು ಖಾಲಿಯಿತ್ತು.

ಗಾಡಿ ನಿಲ್ಲಿಸಿ ಓಡಿಬಂದು ಬಾಗಿಲು ತೆಗೆದ. ಪುಟ್ಟತಾಯಮ್ಮ ಕಾಲಿಡುವ ಜಾಗದಲ್ಲಿ ಮುದುಡಿ ಕೂತಿದ್ದಳು. ಎಲೆಅಡಿಕೆಯನ್ನು ಉಗಿದು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದಳು.

"ಇದೇನವ್ವ?"

"ಇಲ್ಲೇ ಸುಖವಾಗದೆ ಬುಡು ಮಗ. ನೀನು ಸೀಟ್ನೇ ನೋಡ್ತಿದ್ದೆ. ಒಂದ್ಕಣ್ಣಿಗೆ ಕಟ್ಟು ಕಟ್ಟವ್ರೆ, ಇನ್ನೊಂದ್ರಲ್ಲಿ ಕಾಣ್ತದಲ್ಲ."

ಅವನು ತಾಯಿಯನ್ನು ತೋಳು ಹಿಡಿದೆತ್ತಿ ಸೀಟಿನ ಮೇಲೆ ಕೂರಿಸಿದ. ಏನು ತೋಚಿತೋ, ತಾನೂ ಪಕ್ಕದಲ್ಲೇ ಕೂತ. ಅಷ್ಟು ದಿನ ಒರೆಸಿದ್ದರೂ ಅಲ್ಲಿ ಅವನು ಕೂತದ್ದು ಅದೇ ಮೊದಲು.

"ಒರಗ್ಕೊ ಅವ್ವ," ಎಂದ. ಅವಳು ಅನುಮಾನಿಸುತ್ತ ತಲೆಯಾನಿಸಿದಳು.

ಎಣ್ಣೆಯ ಗುರುತು ಸೋಪಿಗೂ ಬಗ್ಗಲಿಲ್ಲ. ಮರುದಿನ ಯಜಮಾನರು ಕೇಳಿದಾಗ, "ನಮ್ಮವ್ವಂದು ಸ್ವಾಮಿ," ಎಂದ. "ಓಹೋ," ಎಂದು ಅವರು ಅದರ ಮೇಲೇ ಒರಗಿ ಪೇಪರು ಬಿಡಿಸಿದರು.

ಚೆಲುವರಾಜುವಿಗೆ ಮಾತ್ರ ಸಮಾಧಾನವಾಗಲಿಲ್ಲ. ತಾಯಿ ಮುದುಡಿ ಕೂತಿದ್ದ ರೀತಿ ಕಣ್ಣಿಗೆ ಕಟ್ಟಿ ವಾರವಿಡೀ ಊಟ ಸೇರಲಿಲ್ಲ. ಭಾನುವಾರ ರಜ ಕೇಳಿ ಕಡಕೊಳದ ಬಸ್ಸು ಹತ್ತಿದ. ಅವಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ತಾನೂ ಸುಲಿಯತೊಡಗಿದ. ಸಂಜೆಯ ಬಸ್ಸು ಬಂದು ಹೋದರೂ ಏಳಲಿಲ್ಲ.